ಓದುಗರ ಪ್ರಶ್ನೆ: ಅಮೆರಿಕದ ಕಾಲೇಜುಗಳು ಶಾಲೆಯ ಅಂಕಪಟ್ಟಿಯನ್ನು ಹೇಗೆ ಓದುತ್ತವೆ?

ಪಿಯುಸಿ ಮುಗಿಸಿ ನೇರವಾಗಿ ಅಮೆರಿಕದಲ್ಲಿ ಪದವಿಗೆ ಸೇರಬೇಕೆನ್ನುವ ಮಕ್ಕಳ ಪೋಷಕರಿಂದ, ಅಲ್ಲಿಯೇ ನೆಲೆಸಿ ಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸುತ್ತಿರುವ ಕನ್ನಡಿಗರಿಂದ, ಇಲ್ಲಿನ ಉಪನ್ಯಾಸಕರಿಂದ ಬಂದಿರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತಿವೆ: ಶಾಲೆಯ ಅಂಕಗಳನ್ನು ಅಲ್ಲಿನ ಕಾಲೇಜುಗಳು ಪ್ರವೇಶದ ಹೊತ್ತಿನಲ್ಲಿ ಹೇಗೆ ತೂಗುತ್ತವೆ? ಈ ಸಂಚಿಕೆಯ ಅಂಕಣ ಅದಕ್ಕೇ ಮೀಸಲು. ಶುಲ್ಕ, ವೀಸಾ, ವಿದ್ಯಾರ್ಥಿವೇತನದ ಪ್ರಶ್ನೆಗಳಿಗೆ ಮುಂದೆ ಉತ್ತರಿಸುತ್ತೇವೆ.

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ಅಂಕ ಪಡೆದು, ಈಗ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಳೆ. ಅಮೆರಿಕದ ಒಳ್ಳೆಯ ಕಾಲೇಜಿಗೆ ಸೇರಲು ಶೇಕಡಾ ಎಷ್ಟು ಅಂಕ ಬೇಕು? ಶೇಕಡಾವಾರು ಅಂಕವನ್ನು 25ರಿಂದ ಭಾಗಿಸಿದರೆ ಜಿಪಿಎ ಸಿಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಇದು ಸರಿಯೇ?
— ಒಬ್ಬ ತಂದೆ, ಧಾರವಾಡ

ಉತ್ತರ: ಆ ಭಾಗಾಕಾರವನ್ನು ಮರೆತುಬಿಡಿ. ಅಮೆರಿಕದ ಹೈಸ್ಕೂಲುಗಳಲ್ಲಿ ಪ್ರತಿ ವಿಷಯಕ್ಕೂ ಎ, ಬಿ, ಸಿ, ಡಿ, ಎಫ್ ಎಂಬ ದರ್ಜೆಗಳನ್ನು ಕೊಟ್ಟು, ಎ ದರ್ಜೆಗೆ 4, ಬಿ ದರ್ಜೆಗೆ 3, ಸಿ ದರ್ಜೆಗೆ 2, ಡಿ ದರ್ಜೆಗೆ 1, ಎಫ್ ದರ್ಜೆಗೆ ಸೊನ್ನೆ ಎಂದು ಹಿಡಿದು ಸರಾಸರಿ ತೆಗೆಯುತ್ತಾರೆ. ಅದನ್ನೇ ಜಿಪಿಎ ಎನ್ನುವುದು. ಬಹಳಷ್ಟು ಶಾಲೆಗಳಲ್ಲಿ 90ರ ಮೇಲೆ ಬಂದರೆ ಎ, 80ರ ಮೇಲೆ ಬಂದರೆ ಬಿ. ನಿಮ್ಮ ಮಗಳ 598 ಅಂಕ ಎಂದರೆ ಶೇ 95.68, ಅದನ್ನು 25ರಿಂದ ಭಾಗಿಸಿದರೆ 3.83 ಬರುತ್ತದೆ. ಆದರೆ ಅಲ್ಲಿನ ಶಾಲೆಯೊಂದರಲ್ಲಿ ಎಲ್ಲ ವಿಷಯಗಳಲ್ಲೂ 95 ಪಡೆದ ಮಗುವಿನ ಜಿಪಿಎ ಸಾಮಾನ್ಯವಾಗಿ 4.0 ಆಗಿರುತ್ತದೆ. ಅಂದರೆ ಆ ಸೂತ್ರವನ್ನು ನಂಬಿದರೆ ಮಗಳ ಸಾಧನೆಯನ್ನು ನೀವೇ ಕೈಯಾರೆ ಇಳಿಸಿ ತೋರಿಸಿದಂತಾಗುತ್ತದೆ. ಕೆಳಗಿನ ಅಂಕಗಳಲ್ಲಿ ಗೊಂದಲ ಇನ್ನೂ ದೊಡ್ಡದು. ನಮ್ಮ ಪಿಯುಸಿಯಲ್ಲಿ ಶೇ 60 ಎಂದರೆ ಪ್ರಥಮ ದರ್ಜೆ, ಶೇ 85 ಎಂದರೆ ಡಿಸ್ಟಿಂಕ್ಷನ್. ಅಮೆರಿಕದ ಬಹುತೇಕ ಶಾಲೆಗಳಲ್ಲಿ ಶೇ 60 ಎಂದರೆ ನಪಾಸಾಗುವ ಅಂಚು. ಈ ಎರಡು ಅಳತೆಗಳನ್ನು ಒಂದೇ ಗೆರೆಯ ಮೇಲೆ ಕೂರಿಸುವ ಲೆಕ್ಕ ಯಾವುದೂ ಇಲ್ಲ.

ಹೀಗಾಗಿಯೇ ಹೆಚ್ಚಿನ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು: ನಿಮ್ಮ ಮಂಡಳಿ ಕೊಟ್ಟ ಅಂಕಗಳನ್ನು ಇದ್ದಂತೆಯೇ ಬರೆಯಿರಿ, ಪರಿವರ್ತಿಸಬೇಡಿ. ಮಾನ್ಯತೆ ಪಡೆದ ಸಂಸ್ಥೆಯಿಂದ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿ ತರಬೇಕೆಂದು ಕೆಲವು ಕಾಲೇಜುಗಳು ಸ್ಪಷ್ಟವಾಗಿ ಕೇಳುತ್ತವೆ. ಕೇಳಿದ ಕಡೆ ಮಾತ್ರ ಮಾಡಿಸಿದರೆ ಸಾಕು. ಇದ್ದಂತೆಯೇ ಬರೆಯುವಾಗ ಗರಿಷ್ಠ ಅಂಕವನ್ನು ಪಕ್ಕದಲ್ಲೇ ನಮೂದಿಸಬೇಕು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಅಂಕ ಇರುವುದು ನಮಗೆ ಎಷ್ಟು ಸಹಜವೆಂದರೆ, ಅದನ್ನು ಹೇಳಬೇಕೆಂಬುದೇ ಹೊಳೆಯುವುದಿಲ್ಲ. ಕನ್ನಡಕ್ಕೆ 121 ಎಂದಷ್ಟೇ ಬರೆದ ಅರ್ಜಿಯನ್ನು ಬೇರೆ ದೇಶದಲ್ಲಿ ಕುಳಿತ ಅಧಿಕಾರಿ ಓದಿದರೆ, ನೂರಕ್ಕೆ ನೂರಿಪ್ಪತ್ತೊಂದು ಹೇಗೆ ಬಂತೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇನ್ನು, ಎಷ್ಟು ಅಂಕ ಬೇಕೆಂಬ ಪ್ರಶ್ನೆ. ನಮ್ಮ ಸಿಇಟಿಯ ಕೊನೆಯ ರ‍್ಯಾಂಕಿನಂತಹ ಗಡಿರೇಖೆ ಅಲ್ಲಿನ ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಇಲ್ಲ. ಕೆಲವು ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಕನಿಷ್ಠ ಮಟ್ಟವೊಂದು ಇರುತ್ತದೆ. ಅದನ್ನು ದಾಟಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ಪ್ರಕಟಿಸುತ್ತವೆ. ಅದರ ಸಿ7 ಎಂಬ ಕೋಷ್ಟಕದಲ್ಲಿ ಯಾವ ಅಂಶಕ್ಕೆ ಎಷ್ಟು ಮಹತ್ವ ಎಂಬುದನ್ನು ಕಾಲೇಜೇ ಗುರುತು ಹಾಕಿ ತಿಳಿಸುತ್ತದೆ. ಅಲ್ಲಿ ‘ಅತ್ಯಂತ ಮುಖ್ಯ’ ಎಂಬ ಕಲಂನಲ್ಲಿ ಸಾಮಾನ್ಯವಾಗಿ ಜಿಪಿಎ ಜೊತೆಗೆ, ಹಲವೆಡೆ ಅದಕ್ಕಿಂತ ಮೊದಲೇ, ಕಾಣುವುದು ಶಾಲೆಯಲ್ಲಿ ಆಯ್ದುಕೊಂಡ ಪಾಠಗಳ ಕಠಿಣತೆ. ಅಂಕ ಎಷ್ಟು ಎನ್ನುವುದರ ಜೊತೆಗೆ ಯಾವ ಪಾಠದಲ್ಲಿ, ಯಾವ ವರ್ಷದಲ್ಲಿ, ಯಾವ ಶಾಲೆಯಲ್ಲಿ ಎನ್ನುವುದನ್ನೂ ಅವರು ನೋಡುತ್ತಾರೆ. ಮಗಳು ಅರ್ಜಿ ಹಾಕಲಿರುವ ಪ್ರತಿ ಕಾಲೇಜಿನ ಆ ಒಂದು ಪುಟವನ್ನು ಓದಿಸಿ. ಏಜೆಂಟರು ಹೇಳುವ ‘ಶೇ 90 ಇದ್ದರೆ ಗ್ಯಾರಂಟಿ’ ಎಂಬ ಮಾತಿಗಿಂತ ಅದು ನಂಬಿಕೆಗೆ ಅರ್ಹ.

ಪ್ರಶ್ನೆ: ನಾನು ಗ್ರಾಮೀಣ ಪ್ರದೇಶದ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಉಪನ್ಯಾಸಕ. ನಮ್ಮ ವಿದ್ಯಾರ್ಥಿಯೊಬ್ಬ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದು, ‘ಸ್ಕೂಲ್ ರಿಪೋರ್ಟ್’, ‘ಸ್ಕೂಲ್ ಪ್ರೊಫೈಲ್’, ನಾಲ್ಕು ವರ್ಷಗಳ ಟ್ರಾನ್ಸ್‌ಕ್ರಿಪ್ಟ್ ಬೇಕೆಂದು ಕೇಳುತ್ತಿದ್ದಾನೆ. ಪ್ರಾಂಶುಪಾಲರು ಇವನ್ನೆಲ್ಲ ತಯಾರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ನಮ್ಮಲ್ಲಿ ಕೌನ್ಸಿಲರ್ ಎಂಬ ಹುದ್ದೆಯೇ ಇಲ್ಲ. ಏನು ಬರೆಯಬೇಕು?
— ಉಪನ್ಯಾಸಕರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರ ಬಂದದ್ದು ಸಂತೋಷ, ಏಕೆಂದರೆ ಕರ್ನಾಟಕದ ಮಕ್ಕಳ ಅರ್ಜಿಗಳು ಸೊರಗುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಕೌನ್ಸಿಲರ್ ಇಲ್ಲದ ಕಡೆ ಪ್ರಾಂಶುಪಾಲರಾಗಲಿ ಅವರು ನೇಮಿಸಿದ ಉಪನ್ಯಾಸಕರಾಗಲಿ ಆ ಕೆಲಸ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ.

ಮೊದಲು ಟ್ರಾನ್ಸ್‌ಕ್ರಿಪ್ಟ್. ಅಮೆರಿಕದಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೇ ತರಗತಿಯವರೆಗೆ ಒಂದೇ ಶಾಲೆ, ಒಂದೇ ಕಡತ. ನಮ್ಮಲ್ಲಿ 9 ಮತ್ತು 10ನೇ ತರಗತಿ ಪ್ರೌಢಶಾಲೆಗೆ ಸೇರಿದರೆ, 11 ಮತ್ತು 12 ನಿಮ್ಮ ಕಾಲೇಜಿಗೆ ಸೇರಿವೆ. ಆದ್ದರಿಂದ ವಿದ್ಯಾರ್ಥಿ ತನ್ನ ಹಳೆಯ ಪ್ರೌಢಶಾಲೆಗೆ ಹೋಗಿ, 9ನೇ ತರಗತಿಯ ವಾರ್ಷಿಕ ಅಂಕಗಳನ್ನು ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಪಡೆದು ತರಬೇಕು. ಇದರ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರಥಮ ಪಿಯುಸಿ ಅಂಕಪಟ್ಟಿ, ದ್ವಿತೀಯ ಪಿಯುಸಿಯಲ್ಲಿ ಈವರೆಗೆ ನಡೆದ ಕಿರುಪರೀಕ್ಷೆ ಮತ್ತು ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಸೇರಿದರೆ ನಾಲ್ಕು ವರ್ಷಗಳ ದಾಖಲೆ ಪೂರ್ಣವಾಗುತ್ತದೆ. ಒಂಬತ್ತನೇ ತರಗತಿಯ ದಾಖಲೆ ಹುಡುಕುವುದೇ ದೊಡ್ಡ ಕೆಲಸವಾಗುವುದುಂಟು. ಆಗಸ್ಟಿನಲ್ಲೇ ಹುಡುಗನನ್ನು ಅಲ್ಲಿಗೆ ಕಳುಹಿಸಿ.

ಇಲ್ಲಿ ಪ್ರಥಮ ಪಿಯುಸಿಯ ಬಗ್ಗೆ ಒಂದು ಮಾತು. ಅದು ಮಂಡಳಿಯ ಪರೀಕ್ಷೆಯಲ್ಲ, ಸಿಇಟಿ ರ‍್ಯಾಂಕಿಗೆ ಅದರ ಅಂಕ ಸೇರುವುದೂ ಇಲ್ಲ. ಆದ್ದರಿಂದ ‘ಫಸ್ಟ್ ಪಿಯು ಪಾಸಾದರೆ ಸಾಕು’ ಎಂಬ ಮನೋಭಾವ ನಮ್ಮ ಮಕ್ಕಳಲ್ಲಿ ಬೇರೂರಿದೆ. ಕೋಚಿಂಗ್‌ಗೇ ಪೂರ್ತಿ ಸಮಯ ಕೊಡುವ ಕಡೆಗಳಲ್ಲಂತೂ ಆ ವರ್ಷದ ಅಂಕಗಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಕಾಲೇಜಿಗೆ ಅದು 11ನೇ ತರಗತಿ. ಅರ್ಜಿ ಹಾಕುವ ಹೊತ್ತಿಗೆ ಪೂರ್ಣಗೊಂಡಿರುವ ಕೊನೆಯ ವರ್ಷ ಅದೇ ಆದ್ದರಿಂದ, ನಾಲ್ಕರಲ್ಲಿ ಹೆಚ್ಚು ಗಮನವಿಟ್ಟು ಓದುವುದು ಆ ವರ್ಷವನ್ನೇ. ಎಸ್ಸೆಸ್ಸೆಲ್ಸಿಯಲ್ಲಿ ಶೇ 96 ಪಡೆದವನು ಪ್ರಥಮ ಪಿಯುಸಿಯಲ್ಲಿ ಶೇ 71ಕ್ಕೆ ಇಳಿದಿದ್ದರೆ, ಏಕೆ ಎಂದು ಅವರು ಕೇಳಿಕೊಳ್ಳುವುದು ಸಹಜ. ನಿಮ್ಮ ಕಾಲೇಜಿನಲ್ಲಿ ಪ್ರಥಮ ಪಿಯುಸಿಯ ಮೌಲ್ಯಮಾಪನ ಬಿಗಿಯಾಗಿದ್ದು, ತರಗತಿಯ ಸರಾಸರಿಯೇ ಕಡಿಮೆ ಇದ್ದರೆ ಅದನ್ನು ಬರೆದು ತಿಳಿಸುವ ಸ್ಥಳ ಸ್ಕೂಲ್ ಪ್ರೊಫೈಲ್.

ಈ ಪ್ರೊಫೈಲ್ ಒಂದೆರಡು ಪುಟಗಳಿದ್ದರೆ ಸಾಕು. ಕಾಲೇಜು ಎಲ್ಲಿದೆ, ಎಷ್ಟು ವಿದ್ಯಾರ್ಥಿಗಳಿದ್ದಾರೆ, ಯಾವ ಸಂಯೋಜನೆಗಳಿವೆ ಎಂಬುದರಿಂದ ಆರಂಭಿಸಿ. ಪಿಯುಸಿ ಎಂದರೆ ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ, ದ್ವಿತೀಯ ವರ್ಷದ ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ ಎಂಬುದನ್ನು, ಏನೂ ಗೊತ್ತಿಲ್ಲದವರಿಗೆ ಹೇಳುವಂತೆ ಬಿಡಿಸಿ ಬರೆಯಿರಿ. ಹಿಂದಿನ ಎರಡು ಮೂರು ವರ್ಷಗಳಲ್ಲಿ ನಿಮ್ಮ ಕಾಲೇಜಿನಿಂದ ಪರೀಕ್ಷೆ ಬರೆದವರೆಷ್ಟು, ಡಿಸ್ಟಿಂಕ್ಷನ್ ಪಡೆದವರೆಷ್ಟು, ಪ್ರಥಮ ದರ್ಜೆ ಎಷ್ಟು ಎಂಬ ಪಟ್ಟಿಯನ್ನು ತಪ್ಪದೆ ಕೊಡಿ. ಇಡೀ ದಾಖಲೆಯಲ್ಲಿ ನಿಮ್ಮ ಹುಡುಗನಿಗೆ ಅತ್ಯಂತ ಉಪಯೋಗವಾಗುವುದು ಈ ಪಟ್ಟಿಯೇ. ನೂರಿಪ್ಪತ್ತು ಮಂದಿಯಲ್ಲಿ ಡಿಸ್ಟಿಂಕ್ಷನ್ ಬಂದದ್ದು ಒಂಬತ್ತು ಮಂದಿಗೆ ಎಂದು ತಿಳಿದ ಓದುಗನಿಗೆ ಶೇ 88ರ ಬೆಲೆ ತಾನಾಗಿಯೇ ಅರ್ಥವಾಗುತ್ತದೆ. ಅದಿಲ್ಲದಿದ್ದರೆ, ಬೆಂಗಳೂರಿನ ದೊಡ್ಡ ಕಾಲೇಜಿನ ಶೇ 97ರ ಪಕ್ಕದಲ್ಲಿ ಅದು ಬಡವಾಗಿ ಕಾಣುತ್ತದೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಕಲಿಸುವ ಎಪಿ, ಐಬಿ ಮುಂತಾದ ಪಠ್ಯಕ್ರಮಗಳು ನಿಮ್ಮಲ್ಲಿ ಇಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ. ಶಾಲೆಯಲ್ಲಿ ಲಭ್ಯವಿಲ್ಲದ ಪಾಠವನ್ನು ಓದಿಲ್ಲವೆಂದು ಯಾವ ವಿದ್ಯಾರ್ಥಿಯನ್ನೂ ಕಡೆಗಣಿಸುವುದಿಲ್ಲ ಎಂಬುದು ಅಲ್ಲಿನ ಕಾಲೇಜುಗಳು ಬಹಿರಂಗವಾಗಿ ಹೇಳುವ ನಿಯಮ, ಆದರೆ ಲಭ್ಯವಿಲ್ಲ ಎಂದು ತಿಳಿಸಬೇಕಾದವರು ನೀವೇ.

ತರಗತಿಯ ರ‍್ಯಾಂಕ್ ಕೇಳುವ ಸ್ಕೂಲ್ ರಿಪೋರ್ಟ್‌ನಲ್ಲಿ, ನಿಮ್ಮಲ್ಲಿ ರ‍್ಯಾಂಕ್ ಕೊಡುವ ಪದ್ಧತಿ ಇಲ್ಲದಿದ್ದರೆ ‘ಇಲ್ಲ’ ಎಂದು ಗುರುತು ಹಾಕಿ, ಅದರಿಂದ ನಷ್ಟವಿಲ್ಲ. ಅಂದಾಜು ಅಂಕಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ಸುತ್ತಿನ ಅರ್ಜಿಗಳ ಕೊನೆಯ ದಿನ ಬಹಳಷ್ಟು ಕಡೆ ಜನವರಿಯ ಆರಂಭದಲ್ಲಿ ಬರುತ್ತದೆ, ತೀರ್ಮಾನ ಮಾರ್ಚ್ ಕೊನೆಯೊಳಗೆ ಹೊರಬೀಳುತ್ತದೆ. ನಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬರುವುದೇ ಏಪ್ರಿಲ್‌ನಲ್ಲಿ. ಹಾಗಾಗಿ ಅರ್ಧವಾರ್ಷಿಕ ಪರೀಕ್ಷೆಯ ಆಧಾರದ ಮೇಲೆ ಪ್ರತಿ ವಿಷಯಕ್ಕೂ ಎಷ್ಟು ಬರಬಹುದೆಂದು ನೀವು ಬರೆದುಕೊಡಬೇಕಾಗುತ್ತದೆ. ಹುಡುಗನ ಮೇಲಿನ ಮಮತೆಯಿಂದ ಗಣಿತಕ್ಕೆ 98 ಎಂದು ಬರೆದು, ಏಪ್ರಿಲ್‌ನಲ್ಲಿ 79 ಬಂದರೆ, ಕಾಲೇಜು ಅವನಿಂದ ವಿವರಣೆ ಕೇಳಬಹುದು. ಮುಂದಿನ ವರ್ಷ ನಿಮ್ಮಲ್ಲಿಂದ ಹೋಗುವ ಅರ್ಜಿಯ ಅಂದಾಜನ್ನೂ ಅನುಮಾನದಿಂದ ನೋಡಬಹುದು. ನಿಜವಾಗಿ ನಿರೀಕ್ಷಿಸುವ ಅಂಕವನ್ನೇ ಬರೆಯಿರಿ. ಫಲಿತಾಂಶ ಬಂದ ಮೇಲೆ ಅಂತಿಮ ವರದಿಯನ್ನು ಕಳುಹಿಸುವ ಹೊಣೆಯೂ ನಿಮ್ಮದೇ ಎಂಬುದು ನೆನಪಿರಲಿ. ಆ ಹೊತ್ತಿಗೆ ಬೇಸಿಗೆ ರಜೆ ಬಂದಿರುತ್ತದೆ.

ಪ್ರಶ್ನೆ: ನನಗೆ 9ನೇ ತರಗತಿಯಲ್ಲಿ ಡೆಂಗಿ ಜ್ವರ ಬಂದು ಎರಡು ತಿಂಗಳು ಶಾಲೆ ತಪ್ಪಿತ್ತು. ಆ ವರ್ಷ ಅಂಕ ತುಂಬ ಕಡಿಮೆ. ಅರ್ಜಿ ಹಾಕುವುದೇ ವ್ಯರ್ಥವೇ?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಖಂಡಿತ ಅಲ್ಲ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆಂದೇ ಒಂದು ಸ್ಥಳವಿರುತ್ತದೆ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಶಾಲೆಗೆ ಹೋಗಲಿಲ್ಲ, ಏಕೆ, ನಂತರದ ಅಂಕಗಳು ಏನಾದವು ಎಂಬುದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚು ಬೇಡ. ನಿಮ್ಮ ಶಾಲೆಯವರೂ ತಮ್ಮ ಪತ್ರದಲ್ಲಿ ಅದನ್ನೇ ಹೇಳಿದರೆ ಒಳ್ಳೆಯದು. ನಾಲ್ಕು ವರ್ಷಗಳಲ್ಲಿ ಅಂಕಗಳು ಏರುತ್ತ ಬಂದಿವೆಯೇ ಇಳಿಯುತ್ತ ಬಂದಿವೆಯೇ ಎಂಬುದನ್ನು ಗಮನಿಸುವ ಓದುಗರಿಗೆ 9ನೇ ತರಗತಿಯ ಕುಸಿತ ಅಷ್ಟೇನೂ ಭಾರವಾಗುವುದಿಲ್ಲ.

ಪ್ರಶ್ನೆ: ನಮ್ಮ ಮಗ ಇಲ್ಲಿನ ಹೈಸ್ಕೂಲಿನಲ್ಲಿ 10ನೇ ತರಗತಿ. ಶಾಲೆಯ ವರದಿಯಲ್ಲಿ ಅವನ ವೆಯ್ಟೆಡ್ ಜಿಪಿಎ 4.4 ಎಂದಿದೆ. ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಅದನ್ನು ನೋಡುವುದಿಲ್ಲ, ತಾವೇ ಬೇರೆ ಲೆಕ್ಕ ಹಾಕುತ್ತಾರೆ ಎಂದು ಸ್ನೇಹಿತರು ಹೇಳುತ್ತಾರೆ. ಎಪಿ ಪಾಠ ತೆಗೆದುಕೊಂಡು ಬಿ ಬರುವುದು ಮೇಲೋ, ಸಾಮಾನ್ಯ ಪಾಠದಲ್ಲಿ ಎ ಬರುವುದು ಮೇಲೋ? ಅವನು ವಾರಾಂತ್ಯದಲ್ಲಿ ಕನ್ನಡ ತರಗತಿಗೂ ಹೋಗುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ?
— ಒಬ್ಬ ತಾಯಿ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಸ್ನೇಹಿತರು ಹೇಳಿದ್ದು ನಿಜ. ಕಠಿಣ ಪಾಠಗಳಿಗೆ ಹೆಚ್ಚುವರಿ ಅಂಶ ಕೊಡುವ ವೆಯ್ಟೆಡ್ ಪದ್ಧತಿ ಒಂದೊಂದು ಶಾಲೆಯಲ್ಲಿ ಒಂದೊಂದು ಬಗೆಯದು. ಆದ್ದರಿಂದ ಬಹಳಷ್ಟು ಕಾಲೇಜುಗಳು ಟ್ರಾನ್ಸ್‌ಕ್ರಿಪ್ಟ್‌ನಿಂದ ದರ್ಜೆಗಳನ್ನು ಎತ್ತಿಕೊಂಡು ತಮ್ಮದೇ ಸರಾಸರಿಯನ್ನು ತೆಗೆಯುತ್ತವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಸೂತ್ರ ಬಹಿರಂಗವಾಗಿಯೇ ಇರುವುದರಿಂದ ನೀವೇ ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು.

‘ಎ-ಜಿ’ ಎಂದು ಕರೆಯುವ ಏಳು ಗುಂಪುಗಳ ಪಾಠಗಳು ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ದೈಹಿಕ ಶಿಕ್ಷಣದಂತಹವು ಬಿಟ್ಟುಹೋಗುತ್ತವೆ. 9ನೇ ತರಗತಿ ಮುಗಿದ ಬೇಸಿಗೆಯಿಂದ 11ನೇ ತರಗತಿ ಮುಗಿದ ಬೇಸಿಗೆಯವರೆಗಿನ ದರ್ಜೆಗಳನ್ನು ಸೆಮಿಸ್ಟರ್ ಲೆಕ್ಕದಲ್ಲಿ ಸೇರಿಸುತ್ತಾರೆ. ಎ ಪ್ಲಸ್, ಎ ಮೈನಸ್ ಎಂಬ ಭೇದವಿಲ್ಲ; ಎರಡೂ ಎ. ಎಪಿ, ಐಬಿ, ವಿಶ್ವವಿದ್ಯಾಲಯ ಒಪ್ಪಿದ ಆನರ್ಸ್ ಪಾಠಗಳಲ್ಲಿ ಸಿ ಅಥವಾ ಮೇಲಿನ ದರ್ಜೆ ಬಂದ ಪ್ರತಿ ಸೆಮಿಸ್ಟರಿಗೂ ಒಂದು ಹೆಚ್ಚುವರಿ ಅಂಶ ಸಿಗುತ್ತದೆ, ಆದರೆ ಒಟ್ಟು ಎಂಟು ಸೆಮಿಸ್ಟರುಗಳಿಗೆ ಮಾತ್ರ, ಅದರಲ್ಲೂ 10ನೇ ತರಗತಿಯಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ.

ಒಂದು ಉದಾಹರಣೆ ನೋಡೋಣ. ಎರಡು ವರ್ಷಗಳಲ್ಲಿ ಐದೈದು ಎ-ಜಿ ಪಾಠ ಓದಿದ ಹುಡುಗನಿಗೆ 20 ಸೆಮಿಸ್ಟರ್ ದರ್ಜೆಗಳಿರುತ್ತವೆ. ಅದರಲ್ಲಿ 14 ಎ, 6 ಬಿ ಎಂದುಕೊಳ್ಳಿ: 56ಕ್ಕೆ 18 ಸೇರಿ 74 ಅಂಶ, ಸರಾಸರಿ 3.70. ಅವನು ಹತ್ತು ಸೆಮಿಸ್ಟರುಗಳಷ್ಟು ಎಪಿ ಓದಿದ್ದರೂ ಸೇರುವುದು ಎಂಟೇ ಅಂಶ. 82ನ್ನು 20ರಿಂದ ಭಾಗಿಸಿದರೆ 4.10. ಶಾಲೆಯ 4.4ಕ್ಕೂ ಈ 4.10ಕ್ಕೂ ಇರುವ ಅಂತರ ಕಂಡು ಗಾಬರಿಯಾಗಬೇಕಿಲ್ಲ. ಅವನ ಜೊತೆ ಸ್ಪರ್ಧಿಸುವ ಎಲ್ಲರಿಗೂ ಇದೇ ಕತ್ತರಿ ಬಿದ್ದಿರುತ್ತದೆ. ಮಿತಿ ಹಾಕದ ಸರಾಸರಿಯೂ ಹೆಚ್ಚುವರಿ ಅಂಶವೇ ಇಲ್ಲದ ಸರಾಸರಿಯೂ ಅರ್ಜಿ ಓದುವವರ ಮುಂದಿರುತ್ತವೆ. ಕನಿಷ್ಠ ಅರ್ಹತೆ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ 3.0, ಹೊರಗಿನವರಿಗೆ 3.4. ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಲ್ಲಿ ಸೀಟು ಸಿಗುವ ಮಟ್ಟ ಇದಕ್ಕಿಂತ ಎಷ್ಟೋ ಮೇಲಿದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎಪಿಯಲ್ಲಿ ಬಿ ಬಂದರೆ ಮೂರಕ್ಕೆ ಒಂದು ಸೇರಿ ನಾಲ್ಕಾಗುತ್ತದೆ, ಅಂದರೆ ಸಾಮಾನ್ಯ ಪಾಠದ ಎ ದರ್ಜೆಗೆ ಸಮ. ಎಂಟರ ಮಿತಿ ದಾಟಿದ ಮೇಲೆ ಲೆಕ್ಕದ ಮಟ್ಟಿಗೆ ಆ ಲಾಭವೂ ಇಲ್ಲ. ಹಾಗೆಂದು ಸುಲಭದ ಪಾಠಗಳನ್ನೇ ಆರಿಸಿಕೊಂಡರೆ, ಶಾಲೆಯಲ್ಲಿ ಇಪ್ಪತ್ತು ಎಪಿ ಪಾಠಗಳಿದ್ದೂ ಈತ ಎರಡನ್ನೇ ಏಕೆ ತೆಗೆದುಕೊಂಡ ಎಂಬ ಪ್ರಶ್ನೆ ಓದುವವರಲ್ಲಿ ಹುಟ್ಟುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಅವನಿಗೆ ನಿಜವಾಗಿ ಆಸಕ್ತಿಯಿರುವ ಎರಡು ಮೂರು ವಿಷಯಗಳಲ್ಲಿ ಶಾಲೆ ಕೊಡುವ ಅತ್ಯಂತ ಕಠಿಣ ಪಾಠವನ್ನು ತೆಗೆದುಕೊಳ್ಳಲಿ, ಅಲ್ಲಿ ಬಿ ಬಂದರೂ ಬರಲಿ. ಉಳಿದ ವಿಷಯಗಳಲ್ಲಿ ಪಕ್ಕದ ಮನೆಯ ಮಗುವಿನ ಎಪಿ ಸಂಖ್ಯೆಯನ್ನು ಹಿಂಬಾಲಿಸುವುದು ಬೇಡ. ಎಲ್ಲ ಕಡೆ ಎಪಿ ತೆಗೆದುಕೊಂಡು ಸಿ ದರ್ಜೆಗೆ ಇಳಿಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. 2020ರ ಮೇ ತಿಂಗಳಲ್ಲಿ ಈ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಕಾಲೇಜು ಪ್ರವೇಶಕ್ಕೆಂದು ದೇಶದಾದ್ಯಂತ ನಡೆಯುವ ಸ್ಯಾಟ್, ಎಸಿಟಿ ಪರೀಕ್ಷೆಗಳಿಂದ ದೂರ ಸರಿಯಲು ತೀರ್ಮಾನಿಸಿತು. ಈಗ ಪ್ರವೇಶದಲ್ಲಿ ಅವನ್ನು ನೋಡುವುದೇ ಇಲ್ಲ. ಹಾಗಾಗಿ ಶಾಲೆಯ ದರ್ಜೆಗಳ ಭಾರ ಅಲ್ಲಿ ಇನ್ನಷ್ಟು ಹೆಚ್ಚಾಗಿದೆ.

ಇನ್ನು ಕನ್ನಡ. ಎ-ಜಿ ಪಟ್ಟಿಯಲ್ಲಿ ‘ಇ’ ಗುಂಪು ಇಂಗ್ಲಿಷೇತರ ಭಾಷೆಗೆ ಮೀಸಲು. ಒಂದೇ ಭಾಷೆಯನ್ನು ಎರಡು ವರ್ಷಗಳ ಮಟ್ಟಕ್ಕೆ ಕಲಿತಿರಬೇಕು, ಮೂರು ವರ್ಷವಾದರೆ ಉತ್ತಮ. ವಾರಾಂತ್ಯದ ತರಗತಿ ತಾನಾಗಿಯೇ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರುವುದಿಲ್ಲ. ಆ ಕನ್ನಡ ಶಾಲೆಯ ಪಾಠಕ್ಕೆ ನಿಮ್ಮ ಹೈಸ್ಕೂಲು ಕ್ರೆಡಿಟ್ ಕೊಡುತ್ತದೆಯೇ ಎಂದು ಕೌನ್ಸಿಲರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಡುವುದಿಲ್ಲವೆಂದರೆ ಶಾಲೆಯಲ್ಲಿ ಸ್ಪ್ಯಾನಿಷ್ ಮುಂತಾದ ಭಾಷೆಯೊಂದನ್ನು ಓದಬೇಕಾಗಬಹುದು. ಕನ್ನಡ ಕಲಿಕೆಯನ್ನು ಆಗಲೂ ಚಟುವಟಿಕೆಗಳ ಪಟ್ಟಿಯಲ್ಲಿ ಧಾರಾಳವಾಗಿ ಬರೆಯಬಹುದು.

ಪ್ರಶ್ನೆ: ನಾನು ಡಲ್ಲಾಸ್ ಬಳಿಯ ದೊಡ್ಡ ಶಾಲೆಯೊಂದರಲ್ಲಿ 11ನೇ ತರಗತಿ. ಸುಮಾರು 600 ಮಂದಿಯಲ್ಲಿ ನನ್ನ ರ‍್ಯಾಂಕ್ 42. ಯೂನಿವರ್ಸಿಟಿ ಆಫ್ ಟೆಕ್ಸಾಸ್, ಆಸ್ಟಿನ್‌ಗೆ ನನಗೆ ನೇರ ಪ್ರವೇಶ ಇಲ್ಲವಂತೆ. ಚಿಕ್ಕ ಊರಿನ ಶಾಲೆಯಲ್ಲಿ ಓದುವ, ನನಗಿಂತ ಕಡಿಮೆ ಎಪಿ ತೆಗೆದುಕೊಂಡ ಗೆಳೆಯನಿಗೆ ಇದೆಯಂತೆ. ಇದು ನ್ಯಾಯವೇ?
— ಕನ್ನಡಿಗ ವಿದ್ಯಾರ್ಥಿ, ಟೆಕ್ಸಾಸ್

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಆ ನಿಯಮದ ಉದ್ದೇಶವೇ ನಿಮ್ಮ ಗೆಳೆಯನಂಥವರನ್ನು ಒಳಗೆ ತರುವುದು. 1996ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಜನಾಂಗವನ್ನು ಪ್ರವೇಶದ ಮಾನದಂಡವಾಗಿ ಬಳಸುವುದನ್ನು ತಡೆದ ಮೇಲೆ, ರಾಜ್ಯದ ಎಲ್ಲ ಮೂಲೆಗಳ ಮಕ್ಕಳು ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಬರುವಂತಾಗಲು ಬೇರೆ ದಾರಿ ಬೇಕಾಯಿತು. 1997ರಲ್ಲಿ ಟೆಕ್ಸಾಸ್ ಶಾಸನಸಭೆ ಪ್ರತಿ ಹೈಸ್ಕೂಲಿನ ಮೊದಲ ಶೇ 10ರಷ್ಟು ವಿದ್ಯಾರ್ಥಿಗಳಿಗೆ ನೇರ ಪ್ರವೇಶ ಕೊಡುವ ಕಾನೂನು ತಂದಿತು. ಇಡೀ ರಾಜ್ಯದ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಬದಲು, ಪ್ರತಿ ಮಗುವನ್ನೂ ಅದರ ಶಾಲೆಯೊಳಗೇ ಅಳೆಯುವ ಪದ್ಧತಿ ಇದು.

ಆಸ್ಟಿನ್‌ನಲ್ಲಿ ಹೀಗೆ ಬರುವವರೇ ತುಂಬತೊಡಗಿದಾಗ, 2009ರ ತಿದ್ದುಪಡಿ ಅಲ್ಲಿ ಮಾತ್ರ ರಾಜ್ಯದ ಮಕ್ಕಳ ಸೀಟುಗಳಲ್ಲಿ ಶೇ 75ಕ್ಕೆ ಮಿತಿ ಹಾಕಲು ಅವಕಾಶ ಕೊಟ್ಟಿತು. ಅದರಿಂದಾಗಿ ಗಡಿ ಇಳಿಯುತ್ತ ಶೇ 6ಕ್ಕೆ ಬಂದು, 2026ರ ಶರತ್ಕಾಲದ ಪ್ರವೇಶದಿಂದ ಶೇ 5 ಆಗಿದೆ. ನಿಮ್ಮ ತರಗತಿಯಲ್ಲಿ ಅಂದರೆ ಮೊದಲ 30 ಮಂದಿ. 42ನೆಯವರಾದ ನಿಮ್ಮದು ಶೇ 7. ಟೆಕ್ಸಾಸ್ ಎ ಅಂಡ್ ಎಂ ಮುಂತಾದೆಡೆ ಶೇ 10ರ ನಿಯಮವೇ ಇರುವುದರಿಂದ ಅಲ್ಲಿ ನಿಮಗೆ ಬಾಗಿಲು ತೆರೆದಿದೆ. ಆಸ್ಟಿನ್‌ಗೂ ಅರ್ಜಿ ಹಾಕಿ. ಉಳಿದ ಸೀಟುಗಳಿಗೆ ಪಾಠಗಳ ಕಠಿಣತೆ, ಬರಹ, ಪರೀಕ್ಷಾ ಅಂಕ ಎಲ್ಲವನ್ನೂ ನೋಡುತ್ತಾರೆ. ಗೆಳೆಯನಿಗೂ ತಿಳಿಸಬೇಕಾದ ಒಂದು ಮಾತಿದೆ: ನೇರ ಪ್ರವೇಶ ಸಿಗುವುದು ವಿಶ್ವವಿದ್ಯಾಲಯಕ್ಕೆ, ಬೇಕಾದ ವಿಭಾಗಕ್ಕಲ್ಲ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್ ವಿಭಾಗಗಳಿಗೆ ಪ್ರತ್ಯೇಕ ಸ್ಪರ್ಧೆ ಇದ್ದೇ ಇದೆ.

ರ‍್ಯಾಂಕಿಗಾಗಿ ಶಾಲೆ ಬದಲಿಸುವ ಯೋಚನೆ ನಿಮ್ಮ ಮನೆಯಲ್ಲಿ ಬಂದಿದ್ದರೆ ಬಿಟ್ಟುಬಿಡಿ. 11ನೇ ತರಗತಿಯಲ್ಲಿ ಬಂದು ಸೇರಿದವರ ರ‍್ಯಾಂಕನ್ನು ಹೇಗೆ ಲೆಕ್ಕ ಹಾಕಬೇಕೆಂಬುದು ಆಯಾ ಶಾಲಾ ಜಿಲ್ಲೆಯ ನಿಯಮಕ್ಕೆ ಬಿಟ್ಟದ್ದು. ಕೈಲಿದ್ದುದನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಪ್ರಶ್ನೆ: ಶಿಕ್ಷಕರು ತಮಗೆ ತೋಚಿದಂತೆ ಕೊಡುವ ದರ್ಜೆಯನ್ನು ನಂಬಿ ಸೀಟು ಕೊಡುವುದಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವ ನಮ್ಮ ಸಿಇಟಿಯೇ ಹೆಚ್ಚು ನ್ಯಾಯಯುತವಲ್ಲವೇ? ಅಮೆರಿಕದಲ್ಲಿ ಈಗ ಎಲ್ಲರಿಗೂ ಎ ಕೊಡುತ್ತಾರೆಂದು ಕೇಳಿದ್ದೇನೆ.
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಎಲ್ಲರಿಗೂ ಎ ಕೊಡುವುದಿಲ್ಲವಾದರೂ, ದರ್ಜೆಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿರುವುದು ಅಲ್ಲಿನವರೇ ಒಪ್ಪುವ ಮಾತು. ತರಗತಿಯ ಬಹುಪಾಲು ಮಕ್ಕಳು 4.0ರ ಹತ್ತಿರ ಗುಂಪುಗೂಡಿದರೆ ಅವರನ್ನು ಬೇರ್ಪಡಿಸಲು ಜಿಪಿಎ ನೆರವಾಗುವುದಿಲ್ಲ. ಕೋವಿಡ್ ಸಮಯದಲ್ಲಿ ಸ್ಯಾಟ್ ಕಡ್ಡಾಯವನ್ನು ಕೈಬಿಟ್ಟಿದ್ದ ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಪರೀಕ್ಷೆಯನ್ನು ಮರಳಿ ಕಡ್ಡಾಯ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಇನ್ನೊಂದು ಮುಖವೂ ಇದೆ. ಶಿಕಾಗೋದ ಸಾರ್ವಜನಿಕ ಶಾಲೆಗಳಿಂದ ಕಾಲೇಜಿಗೆ ಹೋದ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಾರು ಪದವಿ ಮುಗಿಸುತ್ತಾರೆ ಎಂಬುದನ್ನು ಎಸಿಟಿ ಪರೀಕ್ಷೆಗಿಂತ ಶಾಲೆಯ ಜಿಪಿಎ ಎಷ್ಟೋ ಪಟ್ಟು ಚೆನ್ನಾಗಿ ಸೂಚಿಸುತ್ತದೆ ಎಂದು ತೋರಿಸಿತು. ಅದೇ ವರ್ಷ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅಧ್ಯಾಪಕರ ಸಮಿತಿಯೊಂದು ಪರೀಕ್ಷೆಗಳೇ ಹೆಚ್ಚು ಮಾಹಿತಿ ಕೊಡುತ್ತವೆ ಎಂದು ವರದಿ ಮಾಡಿತು. ಆಡಳಿತ ಮಂಡಳಿ ಅದನ್ನು ಬದಿಗಿಟ್ಟು ಪರೀಕ್ಷೆಗಳನ್ನೇ ಕೈಬಿಟ್ಟಿತು. ಕೆಲವು ಗಂಟೆಗಳ ಪರೀಕ್ಷೆ ಹೇಳುವುದು ಒಂದನ್ನು, ನಾಲ್ಕು ವರ್ಷ ಪ್ರತಿದಿನ ಮನೆಪಾಠ ಮಾಡಿ ತಂದ ಅಭ್ಯಾಸ ಹೇಳುವುದು ಇನ್ನೊಂದನ್ನು. ನನಗೆ ಎರಡೂ ಬೇಕೆನಿಸುತ್ತದೆ.

ನಮ್ಮಲ್ಲೂ ಪರಿಸ್ಥಿತಿ ನೀವು ಹೇಳುವಷ್ಟು ಸರಳವಾಗಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿಯದು ಅರ್ಧ ಪಾಲು, ಉಳಿದರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳಿಗೆ ಶೇ 45ರಂತೆ, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಪಾಲು ಕೊಟ್ಟು ಫಲಿತಾಂಶ ಪ್ರಕಟಿಸಿದಾಗ, 600ಕ್ಕೆ 600 ಪಡೆದವರೇ 2,000ಕ್ಕೂ ಹೆಚ್ಚು ಮಂದಿ ಇದ್ದರು. ಆ ವರ್ಷ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿದರು. ಅದೇ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕಗಳನ್ನು ಪರೀಕ್ಷಾ ಪ್ರಾಧಿಕಾರ ಸೇರಿಸಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಗಿ, ಕೊನೆಗೆ ಆ ಅಂಕಗಳಲ್ಲಿ ಒಂದು ಪಾಲನ್ನು ಕಡಿತ ಮಾಡಿ ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿಯೂ 2021ರಲ್ಲಿ ಕೆಲವು ಕಾಲೇಜುಗಳ ಕಟ್‌ಆಫ್ ಶೇ 100ಕ್ಕೆ ಮುಟ್ಟಿ, ಮರುವರ್ಷವೇ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂತು. ಶಾಲೆಯ ಅಂಕ ಉಬ್ಬಿದಾಗ ನಾವು ಹೊಸ ಪರೀಕ್ಷೆ ತರುತ್ತೇವೆ. ಅವರು ಅಂಕದ ಹಿಂದಿರುವ ಶಾಲೆ, ಪಾಠಗಳನ್ನು ಓದಲು ಜನರನ್ನು ನೇಮಿಸುತ್ತಾರೆ. ಅವರ ದಾರಿಗೆ ಹಣ, ಸಿಬ್ಬಂದಿ ಬೇಕು, ಮೇಲಾಗಿ ಒಬ್ಬನಿಗೆ ಏಕೆ ಸಿಕ್ಕಿತು, ಮತ್ತೊಬ್ಬನಿಗೆ ಏಕೆ ಸಿಗಲಿಲ್ಲ ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಲಕ್ಷಗಟ್ಟಲೆ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಸೀಟು ಹಂಚುವ ನಮ್ಮ ವ್ಯವಸ್ಥೆಯಲ್ಲಿ ಅಂಥ ಗೋಪ್ಯತೆಯನ್ನು ಪೋಷಕರು ಒಂದು ದಿನವೂ ಸಹಿಸಲಾರರು, ಸಹಿಸಬೇಕಾಗಿಯೂ ಇಲ್ಲ.

ಪ್ರಶ್ನೆ: ಮಗನಿಗೆ ಡಿಸೆಂಬರ್‌ನಲ್ಲೇ ಒಳ್ಳೆಯ ಕಾಲೇಜಿನಿಂದ ಪ್ರವೇಶ ಸಿಕ್ಕಿದೆ. ಅಂದಿನಿಂದ ಓದುವುದನ್ನೇ ಬಿಟ್ಟಿದ್ದಾನೆ. ಈ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದಲ್ಲಿ ಡಿ ಬರುವಂತಿದೆ. ತೊಂದರೆಯಾಗುತ್ತದೆಯೇ?
— ಪೋಷಕರು, ನ್ಯೂಜೆರ್ಸಿ

ಉತ್ತರ: ಆಗಬಹುದು. ಸಿಕ್ಕಿರುವುದು ಷರತ್ತಿನ ಪ್ರವೇಶ. ಆ ಪತ್ರವನ್ನು ಇನ್ನೊಮ್ಮೆ ಓದಿದರೆ 12ನೇ ತರಗತಿಯನ್ನು ಅದೇ ಮಟ್ಟದಲ್ಲಿ ಮುಗಿಸಬೇಕೆಂಬ ಸಾಲು ಕಾಣುತ್ತದೆ. ಶಾಲೆ ವರ್ಷದ ನಡುವೆ ಒಂದು ವರದಿಯನ್ನೂ ಜೂನ್ ಹೊತ್ತಿಗೆ ಅಂತಿಮ ಟ್ರಾನ್ಸ್‌ಕ್ರಿಪ್ಟನ್ನೂ ಕಾಲೇಜಿಗೆ ಕಳುಹಿಸುತ್ತದೆ. ಎ ಬದಲು ಬಿ ಬಂದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಡಿ, ಎಫ್ ಬಂದರೆ ಅಥವಾ ಹೇಳದೆ ಕೇಳದೆ ಪಾಠವೊಂದನ್ನು ಕೈಬಿಟ್ಟರೆ ಕಾಲೇಜು ವಿವರಣೆ ಕೇಳಬಹುದು, ಪ್ರವೇಶವನ್ನು ಹಿಂತೆಗೆದುಕೊಳ್ಳಲೂಬಹುದು. ಭೌತಶಾಸ್ತ್ರದ ಶಿಕ್ಷಕರನ್ನು ಈ ವಾರವೇ ಭೇಟಿಯಾಗಿ, ಬಾಕಿ ಉಳಿದ ಅಸೈನ್‌ಮೆಂಟ್‌ಗಳನ್ನು ಒಪ್ಪಿಸಲು ಅವಕಾಶವಿದೆಯೇ ಎಂದು ಮಗನೇ ಕೇಳಲಿ. ಆದರೂ ಡಿ ತಪ್ಪದು ಎಂದಾದರೆ, ಟ್ರಾನ್ಸ್‌ಕ್ರಿಪ್ಟ್ ಹೋಗುವ ಮೊದಲೇ ಅವನೇ ಪ್ರವೇಶ ಕಚೇರಿಗೆ ಪತ್ರ ಬರೆದು ವಿಷಯ ತಿಳಿಸಬೇಕು. ಪತ್ರವನ್ನು ನೀವು ಬರೆದುಕೊಡಬೇಡಿ.